ಮೆಟ್ರೊ ಇಳಿದ ಮೇಲೆ ನಡೆಯೋಕೆ ದಾರಿ ಎಲ್ಲಿ?

ಚನ್ನಪಟ್ಟಣ, ರಾಮನಗರ, ಬಿಡದಿ ಕಡೆಯ ಎಷ್ಟೋ ಜನ ಈಗ ಬೆಂಗಳೂರಿಗೆ ಹೋಗುವಾಗ ಮೆಜೆಸ್ಟಿಕ್ ತನಕ ಬಸ್ಸಲ್ಲಿ ಕೂರಲ್ಲ. ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹತ್ತುತ್ತಾರೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂತು. ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ ದಾರಿಯಲ್ಲಿ ಸಿಗುತ್ತವೆ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟವನ್ನೂ ಮುಟ್ಟಿತು. ರೈಲಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಇಳಿದ ಮೇಲಿನದು.

ರಾಜರಾಜೇಶ್ವರಿನಗರವನ್ನೇ ನೋಡಿ. ನಿಲ್ದಾಣ ಇರೋದು ಮೈಸೂರು ರಸ್ತೆ ಮೇಲೆ. ಜನ ಇರೋದು ಕಮಾನು ದಾಟಿ ಒಳಗೆ, ದೇವಸ್ಥಾನದ ದಿಕ್ಕಿಗೆ. ಹಾಗಾಗಿ ಇಳಿದವರು ಆಟೊ ಹುಡುಕುತ್ತಾರೆ. ಹತ್ತು ನಿಮಿಷ ನಡೆಯಲಾರದವರೇನಲ್ಲ ನಾವು, ಹೊಲಕ್ಕೆ ಮೈಲಿಗಟ್ಟಲೆ ನಡೆದವರೇ. ಆದರೆ ಎದ್ದ ಚಪ್ಪಡಿ, ನಿಲ್ಲಿಸಿದ ಬೈಕು, ಟ್ರಾನ್ಸ್‌ಫಾರ್ಮರ್ ದಾಟಿಕೊಂಡು, ಪಕ್ಕದಲ್ಲೇ ಲಾರಿ ಹೋಗುವಾಗ ಮಗು ಎತ್ತಿಕೊಂಡು ನಡೆಯೋದು ಬೇರೆ ಮಾತು. ರಾತ್ರಿ ಎಂಟಕ್ಕೆ ಗಾರ್ಮೆಂಟ್ಸ್ ಬಿಟ್ಟು ಬರುವ ಹೆಣ್ಣುಮಕ್ಕಳಿಗೆ ಇನ್ನೂ ಬೇರೆ.

ಇದಕ್ಕೆ ಸರ್ಕಾರದ ಬಳಿ ನೀತಿ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರ 2017ರಲ್ಲೇ ಒಂದು ನೀತಿ ತಂದಿತು. ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗೆ ಮನೆ, ಅಂಗಡಿ, ಆಫೀಸು, ಶಾಲೆ ಎಲ್ಲ ಬೆರೆತಿರಬೇಕು, ಜನ ನಡೆದೇ ತಲುಪುವಂತಿರಬೇಕು ಅನ್ನೋದು ಅದರ ಸಾರ. ಆದರೆ ನಮ್ಮಲ್ಲಿ ಅದಕ್ಕೂ ಎಷ್ಟೋ ಮೊದಲು ಬಂದದ್ದು ಮಹಡಿಯ ಲೆಕ್ಕ. ಬೆಂಗಳೂರಿನ ಮಾಸ್ಟರ್ ಪ್ಲಾನ್ 2015, ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗೆ ಜಾಗದ ನಾಲ್ಕು ಪಟ್ಟು ಕಟ್ಟಲು ಅವಕಾಶ ಕೊಟ್ಟಿತು. ಒಂದು ಗುಂಟೆ ಅಂದರೆ 1,089 ಚದರ ಅಡಿ. ಅದರಲ್ಲಿ 4,356 ಚದರ ಅಡಿ ಕಟ್ಟಬಹುದು. ಜಾಗದ ಬೆಲೆ ಏರೋಕೆ ಇಷ್ಟು ಸಾಕು. ಫುಟ್‌ಪಾತ್ ಅಗಲ ಆಗೋಕೆ ಸಾಲದು.

ಬೆರೆತ ಬಡಾವಣೆ ಅನ್ನೋದನ್ನ ಪ್ಲಾನಿಂಗ್‌ನವರು ಹೊಸ ವಿಚಾರ ಅನ್ನೋ ಹಾಗೆ ಹೇಳುತ್ತಾರೆ. ನನಗೆ ನಗು ಬರುತ್ತೆ. ಪಟ್ಟಣಗೆರೆ, ಕೆಂಚೇನಹಳ್ಳಿ, ಹಲಗೇವಡೇರಹಳ್ಳಿ ಎಲ್ಲ ಹಳ್ಳಿಗಳೇ. ನಗರಸಭೆಯಾಗಿದ್ದ ರಾಜರಾಜೇಶ್ವರಿನಗರ 2007ರಲ್ಲಿ ಬಿಬಿಎಂಪಿಗೆ ಸೇರಿತು. ಆಗ ಕೆಂಗೇರಿ ಪುರಸಭೆಯೂ ಸುತ್ತಲಿನ 110 ಹಳ್ಳಿಗಳೂ ಸೇರಿದವು. ಯಾವ ಹಳೇ ಊರಿನ ಬೀದಿ ನೋಡಿದರೂ ಮುಂದೆ ಅಂಗಡಿ, ಹಿಂದೆ ಮನೆ, ಮೂಲೆಯಲ್ಲಿ ಹಿಟ್ಟಿನ ಗಿರಣಿ, ಕೂರೋಕೆ ಅರಳಿಕಟ್ಟೆ. ಉಪ್ಪು ತರೋಕೆ ಯಾರೂ ಸ್ಕೂಟರ್ ತೆಗೆಯುತ್ತಿರಲಿಲ್ಲ. ಲೇಔಟ್‌ಗಳು ಬಂದು ಮನೆಗಳ ಸಾಲನ್ನು ಒಂದು ಕಡೆ, ಅಂಗಡಿ ಸಾಲನ್ನು ಇನ್ನೊಂದು ಕಡೆ ಮಾಡಿದವು.

‘ಫುಟ್‌ಪಾತ್ ಮಾಡಿದರೆ ತರಕಾರಿಯವರು ತುಂಬಿಕೊಳ್ತಾರೆ’ ಅನ್ನೋ ಮಾತು ಕೇಳಿದ್ದೇನೆ. ತುಂಬಿಕೊಳ್ಳಲಿ ಅಂತ ನಾನು ಹೇಳಲ್ಲ, ಜಾಗ ಗುರುತು ಮಾಡಿ ಕೊಡಿ ಅಂತೀನಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳೋದೂ ಅದನ್ನೇ. ನಿಲ್ದಾಣದ ಬಾಗಿಲಲ್ಲಿ ಸೊಪ್ಪು ಮಾರುವವರು ನಮ್ಮ ಊರುಗಳ ಕಡೆಯವರೇ. ಅವರಿದ್ದರೆ ರಾತ್ರಿ ಆ ಜಾಗದಲ್ಲಿ ನಾಲ್ಕು ಜನ ಇರುತ್ತಾರೆ, ಬೆಳಕಿರುತ್ತೆ.

ಬೆಂಗಳೂರಿಗೆ ಫುಟ್‌ಪಾತ್ ಮಾಡೋಕೆ ಬರಲ್ಲ ಅಂತಲೂ ಅಲ್ಲ. ಎಂ.ಜಿ. ರಸ್ತೆ ಮೆಟ್ರೊ ಪಕ್ಕದ ಚರ್ಚ್ ಸ್ಟ್ರೀಟ್‌ನಲ್ಲಿ ಕಲ್ಲು ಹಾಸಿ ಎಷ್ಟು ಚೆಂದ ಮಾಡಿದ್ದಾರೆ, ಒಮ್ಮೆ ಹೋಗಿ ನೋಡಿ. ಅಲ್ಲಿ ಆದದ್ದು ಮೈಸೂರು ರಸ್ತೆಯಲ್ಲಿ ಯಾಕಾಗಲ್ಲ?

ಇದನ್ನೆಲ್ಲ ಹಳ್ಳಿಯವರಿಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಬಿಡದಿವರೆಗೂ ಮೆಟ್ರೊ ಅನ್ನೋ ಮಾತು ಆಗಾಗ ಬರುತ್ತಲೇ ಇದೆ. ಬೈರಮಂಗಲ, ಕಂಚುಗಾರನಹಳ್ಳಿ ಕಡೆ ಟೌನ್‌ಶಿಪ್‌ಗೆ ಜಮೀನು ಕೊಡಲ್ಲ ಅಂತ ರೈತರು ಹೋರಾಟಕ್ಕೆ ಕೂತಿದ್ದಾರೆ. ಆ ಹೋರಾಟ ಏನಾಗುತ್ತೋ, ಎಕರೆಗೆ ಎಷ್ಟು ಅನ್ನೋ ಪ್ರಶ್ನೆ ಎಲ್ಲರ ಬಾಯಲ್ಲೂ ಇದೆ. ನಕ್ಷೆ ಬಂದಾಗ ಇನ್ನೂ ಎರಡು ಕೇಳಬೇಕು. ನಿಲ್ದಾಣದಿಂದ ಗ್ರಾಮಠಾಣಕ್ಕೆ ನಡೆಯುವ ದಾರಿ ಎಷ್ಟು ಅಡಿ? ಬಾಡಿಗೆಗೆ ಇರುವವರಿಗೆ, ಅಂಗಡಿ ಇಟ್ಟವರಿಗೆ ಅಲ್ಲಿ ಜಾಗ ಉಂಟಾ? ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದರೆ ಆಕ್ಷೇಪಣೆ ಕೊಡಲು ಕಾನೂನಿನಲ್ಲಿ 60 ದಿನ ಇದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.