ಅಂಗಡಿಯ ಕಪಾಟಿನಲ್ಲಿ ಅವಧಿ ಮೀರಿದ ಬಿಯರ್

ಗೋವಾದಲ್ಲಿ ಬಿಯರ್ ಬೇಕೆಂದರೆ ಬಾರಿಗೇ ಹೋಗಬೇಕೆಂದಿಲ್ಲ. ಅಬಕಾರಿ ಲೈಸೆನ್ಸ್ ಇರುವ ಕಿರಾಣಿ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಸಾಬೂನಿನ ಜೊತೆಗೆ ಅದೂ ಸಿಗುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಚರ್ಚೆ. ಇಂದಿನ ಮಾತು ಆ ಬಾಟಲಿಯ ಮೇಲಿರುವ ತಾರೀಖಿನದು. ಕುಡಿಯಬೇಡಿ ಎಂದು ಹೇಳಬೇಕಾದ ಪಾದ್ರಿಗಳಿಗೆ ಬಿಯರಿನ ತಾರೀಖು ಏಕೆ ಬೇಕು ಎಂದು ಕೆಲವರು ನಗಬಹುದು. ನಗಲಿ. ನಮ್ಮ ಜನ ಮದುವೆಗೂ ಕ್ರಿಸ್ಮಸ್ಸಿಗೂ ಕ್ರೇಟುಗಟ್ಟಲೆ ಕೊಳ್ಳುತ್ತಾರೆ. ಬೆವರು ಸುರಿಸಿ ಗಳಿಸಿದ ದುಡ್ಡು ಅದು.

ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ತಂದಿಟ್ಟ ಸರಕು ಹಾಗೆಯೇ ಉಳಿಯುತ್ತದೆ. ಅಕ್ಟೋಬರಿನಲ್ಲಿ ಜನ ಬರತೊಡಗಿದಾಗ ಅದೇ ಹಳೆಯ ಬಾಟಲಿಗಳು ಮುಂದಿನ ಸಾಲಿಗೆ ಬರುತ್ತವೆ. ಎರಡಕ್ಕೆ ಒಂದು ಉಚಿತ ಎಂಬ ಚೀಟಿ ಕಂಡಲ್ಲಿ ಮೊದಲು ತಾರೀಖು ನೋಡುವುದು ಜಾಣತನ. ನಮ್ಮಲ್ಲಿ ಬಾಟಲಿ ಬಿಯರಿಗೆ ಸಾಮಾನ್ಯವಾಗಿ ಆರು ತಿಂಗಳ ಅವಧಿ. ಡಬ್ಬಿಯಾದರೆ ತಾರೀಖು ಹೆಚ್ಚಾಗಿ ತಳದಲ್ಲಿರುತ್ತದೆ, ಬಾಟಲಿಯಾದರೆ ಲೇಬಲ್ಲಿನಲ್ಲಿ. ತಾರೀಖು ಉಜ್ಜಿದಂತಿದ್ದರೆ, ಅಥವಾ ಅದರ ಮೇಲೆ ಬೇರೊಂದು ಚೀಟಿ ಅಂಟಿಸಿದ್ದರೆ, ಮುಟ್ಟಬೇಡಿ.

ಹಳೆಯದಾದಷ್ಟೂ ಬಿಯರ್ ಚೆನ್ನಾಗಿರುತ್ತದೆ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ವಿಸ್ಕಿ ಮರದ ಪೀಪಾಯಿಯಲ್ಲಿ ಪಕ್ವವಾಗುತ್ತದೆ, ಕೆಲವು ದ್ರಾಕ್ಷಾರಸಗಳೂ ಹಾಗೆಯೇ. ಅಂಗಡಿಯ ಸಾಧಾರಣ ಬಿಯರ್ ಹಾಗಲ್ಲ. ಅದು ಬಾರ್ಲಿಯ ಮೊಳಕೆಯಿಂದ ಆದದ್ದು, ಹೆಚ್ಚುಕಡಿಮೆ ರೊಟ್ಟಿಯ ಬಂಧು. ಅದಕ್ಕೆ ಕಹಿ ಕೊಡುವ ಹಾಪ್ಸ್ ಹೂ ಪಾನೀಯವನ್ನು ಕೆಡದಂತೆ ಕಾಯುತ್ತದೆಂದು 12ನೆಯ ಶತಮಾನದಲ್ಲೇ ಸಂತ ಹಿಲ್ಡೆಗಾರ್ಡ್ ಬರೆದಿದ್ದರು. ಆದರೆ ಆ ಕಾವಲಿಗೂ ಮಿತಿಯಿದೆ. ಬಾಟಲಿಯೊಳಗೆ ಉಳಿದ ಅಲ್ಪ ಆಮ್ಲಜನಕ ನಿಧಾನವಾಗಿ ರುಚಿಯನ್ನು ಕೆಡಿಸಿ ಒದ್ದೆ ರಟ್ಟಿನ ವಾಸನೆ ತರುತ್ತದೆ. ಸೆಖೆ ಹೆಚ್ಚಿದಷ್ಟೂ ಬೇಗ. ಬಿಸಿಲು ಬಿದ್ದರೆ ಹಾಪ್ಸಿನ ಅಂಶವೇ ಒಡೆದು ದುರ್ವಾಸನೆ ಹುಟ್ಟುತ್ತದೆ, ಬಾಟಲಿಗೆ ಕಂದು ಗಾಜು ಬಳಸುವುದು ಅದಕ್ಕಾಗಿಯೇ. ಬಾಗಿಲ ಬಳಿ ಬಿಸಿಲಿಗೆ ಕ್ರೇಟು ಪೇರಿಸಿಡುವ ಅಂಗಡಿಯಲ್ಲಿ ಅವಧಿ ಮುಗಿಯದ ಬಿಯರ್ ಕೂಡ ಕೆಟ್ಟಿರಬಹುದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅವಧಿ ಮೀರಿದ ಬಿಯರ್ ವಿಷವಲ್ಲ. ಮದ್ಯಸಾರ, ಹುಳಿ, ಹಾಪ್ಸ್ ಇವು ಮೂರೂ ಸೇರಿದಲ್ಲಿ ರೋಗಾಣುಗಳು ಬೆಳೆಯಲಾರವು. ಕುಡಿದವನ ಹೊಟ್ಟೆ ಕೆಟ್ಟರೆ ಕಾರಣ ಬಹುಶಃ ಜೊತೆಗೆ ತಿಂದದ್ದರಲ್ಲಿರುತ್ತದೆ, ಇಲ್ಲವೇ ಕುಡಿದ ಪ್ರಮಾಣದಲ್ಲಿ. ಹಾಗಾದರೆ ಈ ಗದ್ದಲವೇಕೆ? ತಾಜಾ ಸರಕಿನ ಬೆಲೆ ತೆಗೆದುಕೊಂಡು ಹಳಸಿದ್ದನ್ನು ಕೊಡುವುದು ಮೋಸ, ಅದು ಒಂದು. ಇನ್ನೊಂದು ನನ್ನನ್ನು ಹೆಚ್ಚು ಕಾಡುವುದು. ಬಿಯರಿನ ತಾರೀಖು ನೋಡದ ಅಂಗಡಿಯವನು ಪಕ್ಕದ ಸಾಲಿನಲ್ಲಿರುವ ಹಾಲಿನ ಪುಡಿಯ, ಕೂಸಿನ ಆಹಾರದ ತಾರೀಖನ್ನೂ ನೋಡುವುದಿಲ್ಲ. ಅಲ್ಲಿ ಕೊಬ್ಬು ಕಮಟಾಗುತ್ತದೆ, ಜೀವಸತ್ವ ಕುಂದುತ್ತದೆ. ಅದರ ಪರಿಣಾಮ ಮಾತು ಬಾರದ ಮಗುವಿಗೆ. ಹಿಂಡಿಯ ಚೀಲವೂ ಅಷ್ಟೇ. ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದ ಆಕಳ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಮದ್ಯವೂ ಆಹಾರವೇ. ಅದರ 27ನೆಯ ಕಲಮಿನಂತೆ ಅವಧಿ ಮೀರಿದ್ದನ್ನು ಮಾರಿದವನಷ್ಟೇ ಅಲ್ಲ, ಅಂಥದ್ದನ್ನು ಪೂರೈಸಿದ ಸಗಟು ವ್ಯಾಪಾರಿಯೂ ಹೊಣೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮವರಲ್ಲಿ ಹಲವರು ಇಂಥ ಅಂಗಡಿಗಳನ್ನು ನಡೆಸುತ್ತಾರೆ, ಅಲ್ಲಿ ಕೆಲಸಕ್ಕೂ ಇದ್ದಾರೆ. ಅವಧಿಗೆ ತಿಂಗಳಷ್ಟೇ ಉಳಿದ ಮಾಲನ್ನು ಏಜೆಂಟನು ಸೀಸನ್ನಿನ ಕೊನೆಯಲ್ಲಿ ರಿಯಾಯಿತಿಯೆಂದು ತಲೆಗೆ ಕಟ್ಟುತ್ತಾನೆ, ಆಮೇಲೆ ವಾಪಸು ಕೇಳಿದರೆ ಮುಖ ತಿರುಗಿಸುತ್ತಾನೆ. ತೆರಿಗೆ ಸೇರಿದ ಬೆಲೆ ಕೊಟ್ಟವನು ಸಣ್ಣ ಅಂಗಡಿಯವನು. ಚೆಲ್ಲಲು ಅವನಿಗೆ ಮನಸ್ಸಾಗುವುದಿಲ್ಲ. ಆದ್ದರಿಂದ ಮಾಲು ಇಳಿಸಿಕೊಳ್ಳುವಾಗಲೇ ತಾರೀಖು ನೋಡಿ, ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಸಿ, ವಾಪಸು ಕೊಳ್ಳುವ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಬರೆದುಕೊಡದ ಏಜೆಂಟನಿಂದ ಕೊಳ್ಳದಿರುವ ಧೈರ್ಯ ಒಬ್ಬನಿಗೆ ಬರಲಿಕ್ಕಿಲ್ಲ, ಬೀದಿಯ ಹತ್ತು ಅಂಗಡಿಗಳು ಒಟ್ಟಾದರೆ ಬರುತ್ತದೆ.

ಕೊಳ್ಳುವವರು ಬಿಲ್ಲು ಕೇಳಿ ಪಡೆಯಿರಿ. ಅಂಗಡಿಯವನು ಬದಲಿಸಿ ಕೊಟ್ಟರೆ ಜಗಳ ಬೇಡ. ಒಪ್ಪದಿದ್ದರೆ 1915ಕ್ಕೆ ಫೋನು ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಾಟಲಿಯನ್ನು ಮಾತ್ರ ಎಸೆಯಬೇಡಿ, ಅದೇ ಸಾಕ್ಷಿ.

ಮನೆಯಲ್ಲೇ ಉಳಿದು ಅವಧಿ ಮೀರಿದ್ದರೆ ಹಿತ್ತಲಿಗೆ ಕೊಂಡುಹೋಗಿ. ಮಳೆಗಾಲದಲ್ಲಿ ಬದನೆ, ಬಸಳೆಯ ಎಲೆ ತಿನ್ನುವ ಚಿಪ್ಪಿಲ್ಲದ ಬಸವನಹುಳುಗಳಿಗೆ ಹುದುಗಿದ ವಾಸನೆಯೆಂದರೆ ಬಲು ಆಸೆ. ಒಂದು ಬಟ್ಟಲನ್ನು, ಅಂಚು ಮಣ್ಣಿಗಿಂತ ಬೆರಳಗಲ ಮೇಲಿರುವಂತೆ ಹೂತು, ಅರ್ಧದಷ್ಟು ಬಿಯರ್ ಸುರಿದು ಸಂಜೆ ಇಡಿ. ಅಂಚು ಎತ್ತರವಿದ್ದರೆ ತೋಟಕ್ಕೆ ಉಪಕಾರಿಯಾದ ಜೀರುಂಡೆಗಳು ಬೀಳುವುದು ಕಡಿಮೆ. ಬೆಳಿಗ್ಗೆ ಬಿದ್ದ ಹುಳುಗಳನ್ನು ತೆಗೆದು ಹೂಳಿ, ಮಳೆನೀರು ಸೇರಿ ತೆಳುವಾಗಿದ್ದರೆ ಹೊಸದಾಗಿ ಸುರಿಯಿರಿ.