ಬಸಿದ ನೀರನ್ನು ಚೆಲ್ಲಬೇಕೆ?

ಯಲಹಂಕ, ಹೆಬ್ಬಾಳಗಳ ವಿದ್ಯಾರ್ಥಿಗಳ ಕೊಠಡಿಗಳಲ್ಲಿ ಈಗ ಪಾಸ್ತಾ ಬೇಯುವುದುಂಟು. ಬೆಂದೊಡನೆ ನೀರನ್ನು ಮೋರಿಗೆ ಸುರಿದು, ಮೇಲೆ ಟೊಮ್ಯಾಟೊ ಗೊಜ್ಜು ಹೊಯ್ದು ಉಣ್ಣುವರು. ಇದು ಅವಿವೇಕವೆಂದೇ ನಮ್ಮ ಮತ. ಕಾಳು ಸೊಪ್ಪು ಬೆಂದ ಕಟ್ಟಿನಿಂದ ಬಸ್ಸಾರು ಮಾಡುವ ನಾಡಿನವರು ಹೀಗೆ ಚೆಲ್ಲಬಹುದೆ? ಕಟ್ಟಿನಲ್ಲಿರುವುದು ರುಚಿ, ಈ ನೀರಿನಲ್ಲಿರುವುದು ಪಿಷ್ಟ.

ಗೋಧಿಯ ಪಿಷ್ಟಕಣಗಳು ಸುಮಾರು 60 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ನೀರು ಹೀರಿ ಉಬ್ಬತೊಡಗುತ್ತವೆ. ಒಂದಂಶ ನೀರಿಗೂ ಇಳಿಯುತ್ತದೆ. ಪಾಸ್ತಾ ತುಸು ಗಟ್ಟಿಯಿರುವಾಗಲೇ ಬಸಿದು, ಆ ನೀರಿನ ಒಂದು ಸೌಟಿನೊಡನೆ ಗೊಜ್ಜಿನಲ್ಲಿ ಎರಡು ನಿಮಿಷ ಕುದಿಸಿರಿ. ಪಿಷ್ಟವು ಗೊಜ್ಜನ್ನು ಮಂದಗೊಳಿಸಿ, ಎಣ್ಣೆಯು ಬೇಗ ಬೇರ್ಪಡದಂತೆ ತಡೆದು, ಪಾಸ್ತಾಕ್ಕೆ ಅಂಟಿಸುತ್ತದೆ. ಉಳಿದುದನ್ನು ಬ್ರೆಡ್ಡಿನ ನಡುವೆ ಇಟ್ಟು ತಿಂದರೂ ಬ್ರೆಡ್ಡು ಬೇಗನೆ ನೆನೆಯದು.

ಹಿರಿಯರು ಅನುಭವದಿಂದ ಉಳಿಸಿದ್ದನ್ನು ನಾವು ಕಾರಣವರಿತು ಉಳಿಸೋಣ.