ಗಣಿಯ ತೆರಿಗೆ ಮತ್ತು ಗಣಿಯ ಊರು

ಹೋಟೆಲಿನ ಧಣಿಯು ಕಟ್ಟಡದ ಒಡೆಯನಿಗೆ ಬಾಡಿಗೆ ತೆತ್ತಮಾತ್ರಕ್ಕೆ ಸರಕಾರದ ತೆರಿಗೆಯಿಂದ ಮುಕ್ತನಾಗನು. ಠಾಣೆ, ಡೊಂಬಿವಲಿಗಳಲ್ಲಿ ಗಲ್ಲಾದ ಲೆಕ್ಕ ಬರೆಯುವ ನಮ್ಮವರಿಗೆ ಇದು ತಿಳಿದ ಮಾತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2024ರ ಜುಲೈ 25ರಂದು ಗಣಿಗಳ ವಿಷಯದಲ್ಲಿಯೂ ಇದೇ ಭೇದವನ್ನು ಎತ್ತಿಹಿಡಿಯಿತು. ಗುತ್ತಿಗೆದಾರನು ಅದಿರಿಗಾಗಿ ಕೊಡುವ ರಾಜಧನವು ತೆರಿಗೆಯಲ್ಲ. ಖನಿಜದ ಹಕ್ಕಿನ ಮೇಲೆ ತೆರಿಗೆ ವಿಧಿಸುವ ಅಧಿಕಾರವು ರಾಜ್ಯಗಳಿಗುಂಟು, ಅದಕ್ಕೆ ಸಂಸತ್ತು ಮಿತಿ ಹಾಕಬಹುದು ಎಂದು ಎಂಟು ಮಂದಿ ತೀರ್ಪಿತ್ತರು. ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ನಾಗರತ್ನ ಅವರೊಬ್ಬರು ಮಾತ್ರ, ಇದರಿಂದ ರಾಜ್ಯಗಳೊಳಗೆ ಅನಾರೋಗ್ಯಕರ ಪೈಪೋಟಿ ಉಂಟಾದೀತೆಂದು ಭಿನ್ನಮತವನ್ನಿತ್ತರು. 2005ರ ಏಪ್ರಿಲ್ 1ರಿಂದೀಚಿನ ಬಾಕಿಯನ್ನು 12 ವರ್ಷಗಳ ಕಂತುಗಳಲ್ಲಿ ವಸೂಲು ಮಾಡಲು ನ್ಯಾಯಾಲಯವು ಆಗಸ್ಟ್ 14ರಂದು ಅನುಮತಿಯನ್ನೂ ನೀಡಿತು.

ಅಧಿಕಾರವೇನೋ ದೊರಕಿತು, ಹಣವು ಯಾರಿಗೆ ಎಂಬುದೇ ಪ್ರಶ್ನೆ. ಬೆಳೆಯನ್ನು ಮತ್ತೆ ಬೆಳೆಯಬಹುದು, ಅಗೆದ ಅದಿರು ಮತ್ತೆ ಹುಟ್ಟದು. ಬಳ್ಳಾರಿ ಸೀಮೆಯಲ್ಲಿ ಅಕ್ರಮವು ಮಿತಿಮೀರಿದಾಗ 2011ರಲ್ಲಿ ನ್ಯಾಯಾಲಯವೇ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. 2015ರ ತಿದ್ದುಪಡಿಯು ಗಣಿಬಾಧಿತರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ತಂದಿತು: ಹಳೆಯ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನೂ ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟನ್ನೂ ಅದಕ್ಕೆ ಸಲ್ಲಿಸತಕ್ಕದ್ದು.

ಹೊಸ ತೆರಿಗೆಯಲ್ಲಿಯೂ ಊರಿಗೆ ಇಂಥ ಪಾಲು ಮೀಸಲಾಗಬೇಕು. ಕೋಲಾರದ ಚಿನ್ನದ ಗಣಿಯು 2001ರಲ್ಲಿ ಮುಚ್ಚಿದ ತರುವಾಯ ಅಲ್ಲಿಯ ಜನರು ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕಲ್ಯಾಣದಿಂದ ದಿನವೂ ಮುಂಬಯಿಗೆ ಹೋಗಿಬರುವ ಓದುಗರಿಗೆ ಆ ಬಾಳಿನ ಕಷ್ಟವನ್ನು ವಿವರಿಸಬೇಕಾಗಿಲ್ಲ. ಅದಿರು ಮುಗಿಯುವ ಮೊದಲೇ ಬೇರೆ ಕಸುಬು, ಶಾಲೆ, ನೀರುಗಳನ್ನು ಊರಿನಲ್ಲಿ ನೆಲೆಗೊಳಿಸಿದರೆ ಮಾತ್ರ ಈ ತೆರಿಗೆಯು ಸಾರ್ಥಕ.